ವಿಶ್ವತಂತುಗಳ ಸಿಮ್ಯುಲೇಶನ್: ಎಷ್ಟರ ಮಟ್ಟಿಗೆ ನಂಬಬೇಕು?

ಬಿಂದುಜಾಲ

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದವಳು. ಎಂ.ಎಸ್ಸಿ. ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟಿಗೆ ವಿಶ್ವತಂತುಗಳ, ಅಂದರೆ ಕಾಸ್ಮಿಕ್ ಸ್ಟ್ರಿಂಗ್‌ಗಳ, ಸಿಮ್ಯುಲೇಶನ್ ಆರಿಸಿಕೊಂಡಿದ್ದೇನೆ. ಒಂದು ಸಂಕೀರ್ಣ ಕ್ಷೇತ್ರ, ಮೆಕ್ಸಿಕನ್ ಟೋಪಿಯ ಆಕಾರದ ವಿಭವ (ಪೊಟೆನ್ಶಿಯಲ್), ವಿಕಿರಣ ಯುಗದ, ಅಂದರೆ ಆರಂಭದ ವಿಶ್ವದ, ವಿಸ್ತರಣೆ, ಮೂರು ದಿಕ್ಕಿಗೂ 256 ಬಿಂದುಗಳ ಗ್ರಿಡ್. ಆರಂಭದಲ್ಲಿ ಪ್ರತಿ ಬಿಂದುವಿಗೂ ಕ್ಷೇತ್ರದ ಕೋನವನ್ನು ಮನಸ್ಸಿಗೆ ಬಂದಂತೆ ಹಂಚಿದ್ದೇನೆ. ಸ್ವಲ್ಪ ಹೊತ್ತಿಗೆ ತಂತುಗಳ ಗೋಜಲು ಮೂಡುತ್ತದೆ, ತಂತುಗಳು ಒಂದನ್ನೊಂದು ಕತ್ತರಿಸಿ ಕುಣಿಕೆಗಳಾಗುತ್ತವೆ, ಕುಣಿಕೆಗಳು ಕುಗ್ಗಿ ಇಲ್ಲವಾಗುತ್ತವೆ. ಅಲ್ಲಿಯವರೆಗೆ ಎಲ್ಲವೂ ಪುಸ್ತಕದಲ್ಲಿ ಹೇಳಿದಂತೆಯೇ ಇದೆ.

ತೊಂದರೆ ಎರಡು. ಕೊನೆಕೊನೆಗೆ ಪೆಟ್ಟಿಗೆಯಲ್ಲಿ ಒಂದೆರಡು ನೆಟ್ಟನೆಯ ತಂತುಗಳು ಉಳಿಯುತ್ತವೆ, ಕೆಲವೊಮ್ಮೆ ಒಂದೂ ಉಳಿಯುವುದಿಲ್ಲ. ವಿಶ್ವದಲ್ಲಿ ಹೀಗಾಗಬಾರದಲ್ಲವೇ? ಎರಡನೆಯದು, ತಂತುವಿನ ಅಗಲವನ್ನು ಗ್ರಿಡ್‌ಗೆ ಹೋಲಿಸಿ ಸ್ಥಿರವಾಗಿಟ್ಟಿದ್ದೇನೆ. ವಿಭಾಗದಲ್ಲಿ ವಿಷಯ ಮಂಡಿಸಿದಾಗ ಒಬ್ಬ ಪ್ರಾಧ್ಯಾಪಕರು, "ಸಮೀಕರಣವನ್ನೇ ತಿದ್ದಿ ಬರೆದ ಮೇಲೆ ಇದು ಯಾವ ವಿಶ್ವದ ಕಥೆ?" ಎಂದು ಎಲ್ಲರೆದುರು ಕೇಳಿ ಮುಂದಕ್ಕೆ ಮಾತನಾಡಲು ಬಿಡಲಿಲ್ಲ. ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಹೇಳಲು ಅವಕಾಶ ಸಿಗಲಿಲ್ಲವೆಂಬುದೇ ಬೇಸರ. ತಿಳಿದವರು ಹೇಳಿ: ಇಂಥ ಸಿಮ್ಯುಲೇಶನ್‌ಗಳನ್ನು ಎಷ್ಟರ ಮಟ್ಟಿಗೆ ನಂಬಬೇಕು?

ಕೋರ್‌ಡಂಪ್

ಪೆಟ್ಟಿಗೆಯ ಅಂಚುಗಳು ಹೇಗಿವೆ? ಬಲಗಡೆ ಹೊರಟದ್ದು ಎಡಗಡೆ ಒಳಬರುತ್ತದೆಯೇ? ಎಷ್ಟು ಹೊತ್ತಿನವರೆಗೆ ಓಡಿಸುತ್ತೀರಿ?

ಬಿಂದುಜಾಲ

ಹೌದು, ಎದುರುಬದುರಿನ ಮುಖಗಳು ಜೋಡಿಕೊಂಡಿವೆ. ತಂತುಗಳೆಲ್ಲ ಮುಗಿಯುವವರೆಗೂ ಓಡಿಸುತ್ತೇನೆ.

ಸುಳಿಗಾಳಿ

ಮೊದಲ ತೊಂದರೆಗೆ ಕಾರಣ ಅಲ್ಲೇ ಇದೆ. ಒಂದು ಬಿಂದುವಿನಿಂದ ಎರಡು ವಿರುದ್ಧ ದಿಕ್ಕಿಗೆ ಬೆಳಕು ಹೊರಟರೆ, ಎರಡೂ ಕಿರಣಗಳು ಅರ್ಧರ್ಧ ಪೆಟ್ಟಿಗೆ ದಾಟಿದ ಕೂಡಲೇ ಆಚೆಬದಿಯಲ್ಲಿ ಒಂದನ್ನೊಂದು ಸಂಧಿಸುತ್ತವೆ. ಆ ಕ್ಷಣದವರೆಗೆ ಪೆಟ್ಟಿಗೆಗೆ ಕೊನೆಯಿದೆ ಎಂಬುದು ಒಳಗಿನ ಯಾವ ತಂತುವಿಗೂ ತಿಳಿಯದು. ಆಮೇಲೆ ತಿಳಿಯುತ್ತದೆ. ನೆಟ್ಟಗೆ ಉಳಿದ ಆ ಎರಡು ತಂತುಗಳು ಪೆಟ್ಟಿಗೆಯನ್ನು ಸುತ್ತಿಕೊಂಡು ತಮ್ಮ ಬಾಲವನ್ನು ತಾವೇ ಹಿಡಿದಿರುವಂಥವು. ನಿಜವಾದ ವಿಶ್ವದಲ್ಲಿ ಅದೇ ಹೊತ್ತಿಗೆ ದಿಗಂತದಾಚೆಯಿಂದ, ಅಂದರೆ ಬೆಳಕು ಇನ್ನೂ ನಮ್ಮನ್ನು ತಲುಪಿರದ ದೂರದಿಂದ, ಹೊಸ ತಂತುಗಳು ನಮ್ಮ ಕಣ್ಣಳತೆಗೆ ಬರುತ್ತಲೇ ಇರುತ್ತವೆ. ನಿಮ್ಮ ಪೆಟ್ಟಿಗೆಗೆ ಹೊರಗು ಎಂಬುದೇ ಇಲ್ಲ.

ಆದ್ದರಿಂದ ಬೆಳಕು ಅರ್ಧ ಪೆಟ್ಟಿಗೆ ದಾಟುವ ಹೊತ್ತಿಗೆ ಗ್ರಾಫಿನಲ್ಲಿ ಒಂದು ಲಂಬಗೆರೆ ಎಳೆಯಿರಿ. ಅದರಾಚೆಗಿನದನ್ನು ವರದಿಯಲ್ಲಿ ಸೇರಿಸಬೇಡಿ. ಈ ಕ್ಷೇತ್ರದಲ್ಲಿ ಕೆಲಸ ಮಾಡುವವರು ಸಾಮಾನ್ಯವಾಗಿ ಪಾಲಿಸುವ ನಿಯಮ ಇದು.

ಹೊಸ ಓದುಗ

ಕ್ಷಮಿಸಿ, ನಾನು ವಾಣಿಜ್ಯ ಓದಿದವನು. ತಂತು ಎಂದರೆ ಯಾವುದರ ತಂತು? ಬ್ರಹ್ಮಾಂಡದಲ್ಲಿ ಅದು ಎಲ್ಲಿಂದ ಬಂತು?

ಮಲಪ್ರಭಾ ಮೇಷ್ಟ್ರು

ಕ್ಷಮೆ ಏಕೆ, ಎಲ್ಲರೂ ಕೇಳಬೇಕಾದ ಪ್ರಶ್ನೆ. ಮಹಾಸ್ಫೋಟದ ನಂತರ ವಿಶ್ವ ತಣಿಯುತ್ತ ಬಂದಂತೆ, ಎಲ್ಲೆಡೆ ಹಬ್ಬಿದ್ದ ಒಂದು ಕ್ಷೇತ್ರ ಒಂದು ಹಂತದಲ್ಲಿ ಯಾವುದಾದರೂ ಒಂದು ದಿಕ್ಕನ್ನು ಆರಿಸಿಕೊಳ್ಳಲೇಬೇಕಾಯಿತು ಎಂದಿಟ್ಟುಕೊಳ್ಳಿ. ಬಾಹ್ಯಾಕಾಶದಲ್ಲಿನ ದಿಕ್ಕಲ್ಲ, ಕ್ಷೇತ್ರದ ಒಳಗಿನ ಒಂದು ಕೋನ. ದೂರದೂರದ ಜಾಗಗಳ ನಡುವೆ ಸುದ್ದಿ ಸಾಗಲು ಕಾಲವೇ ಆಗಿರಲಿಲ್ಲ. ಹಾಗಾಗಿ ಒಂದೊಂದು ಜಾಗ ಒಂದೊಂದು ಕೋನವನ್ನು ಆರಿಸಿಕೊಂಡಿತು.

ಈಗ ಗರ್ಭಗುಡಿಗೆ ಒಂದು ಪ್ರದಕ್ಷಿಣೆ ಹಾಕುವಂತೆ ಒಂದು ಜಾಗವನ್ನು ಸುತ್ತಿ ಬನ್ನಿ, ಹೆಜ್ಜೆಹೆಜ್ಜೆಗೂ ಅಲ್ಲಲ್ಲಿನ ಕೋನವನ್ನು ನೋಡುತ್ತ. ಹೊರಟಲ್ಲಿಗೆ ಮರಳಿದಾಗ ಕೋನವೂ ಪೂರ್ತಿ 360 ಡಿಗ್ರಿ ಸುತ್ತಿ ಬಂದಿದ್ದರೆ, ನಡುವೆ ಎಲ್ಲೋ ಒಂದು ಕಡೆ ಕ್ಷೇತ್ರಕ್ಕೆ ಯಾವ ಕೋನವನ್ನೂ ಹಿಡಿಯಲಾಗದ ಜಾಗ ಇರಲೇಬೇಕು. ಅಲ್ಲಿ ಕ್ಷೇತ್ರ ಸೊನ್ನೆ. ಆ ಸೊನ್ನೆಯ ಜಾಗ ಮೇಲಕ್ಕೂ ಕೆಳಕ್ಕೂ ಗೆರೆಯಾಗಿ ಮುಂದುವರಿಯುತ್ತದೆ. ತಣಿಯುವುದಕ್ಕೆ ಮುಂಚಿನ ಶಕ್ತಿ ಅದರೊಳಗೆ ಸಿಕ್ಕಿಬಿದ್ದಿರುತ್ತದೆ. ಅದೇ ತಂತು. ನಡುವೆ ಎಲ್ಲೂ ತುದಿಯಿಲ್ಲ. ಒಂದೋ ಕುಣಿಕೆ, ಇಲ್ಲವೋ ದಿಗಂತದಿಂದ ದಿಗಂತಕ್ಕೆ ಹಾದುಹೋಗುವ ಗೆರೆ.

ಗೆರೆಯ ಬದಲು ಹಾಳೆಯಾದರೆ ಡೊಮೇನ್ ಗೋಡೆ, ಬಿಂದುವಾದರೆ ಏಕಧ್ರುವ, ಅಂದರೆ ಒಂದೇ ಕಾಂತಧ್ರುವವಿರುವ ಕಣ. ಗೋಡೆಗಳು ಬಹಳ ಅಪಾಯಕಾರಿ. ಭಾರವಾದ ಗೋಡೆ ಒಂದೇ ಒಂದು ಉಳಿದಿದ್ದರೂ ವಿಶ್ವದ ರೂಪವೇ ಬೇರೆಯಾಗಿರುತ್ತಿತ್ತು ಎಂದು ಜೆಲ್ಡೊವಿಚ್, ಕೊಬ್ಜಾರೆವ್, ಒಕುನ್ 1974ರಲ್ಲೇ ತೋರಿಸಿದರು. ಏಕಧ್ರುವಗಳೂ ಲೆಕ್ಕಕ್ಕೆ ಮೀರಿ ಹುಟ್ಟಬೇಕಿತ್ತು. ಅವು ಏಕೆ ಕಾಣುತ್ತಿಲ್ಲ ಎಂಬ ಪ್ರಶ್ನೆಯೇ ಅಲನ್ ಗುತ್ ಅವರನ್ನು, ವಿಶ್ವ ಆರಂಭದಲ್ಲೇ ಅತಿವೇಗವಾಗಿ ಹಿಗ್ಗಿತು ಎನ್ನುವ ಇನ್‌ಫ್ಲೇಶನ್ ಸಿದ್ಧಾಂತದ ಕಡೆಗೆ ತಳ್ಳಿತು. ಮೂರರಲ್ಲಿ ತಂತುಗಳು ಮಾತ್ರ ವಿಶ್ವವನ್ನು ಕೆಡಿಸದೆ ಬದುಕಬಲ್ಲವು.

ಹೊಸ ಓದುಗ

ಈಗ ಅರ್ಥವಾಯಿತು, ಧನ್ಯವಾದ ಸರ್. ಆದರೆ ಕಂಪ್ಯೂಟರಿಗೆ ತಂತು ಇರುವುದು ಎಲ್ಲಿ ಎಂದು ಹೇಗೆ ಗೊತ್ತಾಗುತ್ತದೆ?

ಕೋರ್‌ಡಂಪ್

ಮೇಷ್ಟ್ರು ಹೇಳಿದ ಸುತ್ತನ್ನೇ ಪ್ರತಿ ಪುಟ್ಟ ಚೌಕಕ್ಕೂ ಹಾಕಿಸುತ್ತೇವೆ. ಕೋನ ಪೂರ್ತಿ ಸುತ್ತಿದರೆ ಆ ಚೌಕದೊಳಗೆ ತಂತು ತೂರಿದೆ ಎಂದರ್ಥ.

ಕಾಗದದ ಮೇಲೆ ನೋಡಬೇಕೆಂದರೆ ಇನ್ನೂ ಸುಲಭದ ದಾರಿಯಿದೆ. ತನ್ಮಯ್ ವಾಚಸ್ಪತಿ ಮತ್ತು ಅಲೆಕ್ಸಾಂಡರ್ ವಿಲೆಂಕಿನ್ 1984ರಲ್ಲಿ ಮಾಡಿದ್ದು ಹೆಚ್ಚುಕಡಿಮೆ ಇದನ್ನೇ. ಕೋನಕ್ಕೆ 0, 120, 240 ಎಂಬ ಮೂರೇ ಬೆಲೆಗಳನ್ನು ಕೊಡಿ. ಒಂದು ತ್ರಿಕೋನದ ಮೂರು ಮೂಲೆಗಳಲ್ಲಿ ಚೀಟಿ ಎತ್ತಿದಂತೆ ಇವನ್ನು ಬರೆಯಿರಿ. ಒಟ್ಟು 27 ಸಾಧ್ಯತೆಗಳು. ಮೂರು ಮೂಲೆಗಳಲ್ಲೂ ಬೇರೆಬೇರೆ ಬೆಲೆ ಬರುವುದು 6 ಸಲ. ಅಂದರೆ 9ರಲ್ಲಿ 2 ತ್ರಿಕೋನಗಳ ಮೂಲಕ ತಂತು ಹಾಯುತ್ತದೆ, ಅವುಗಳಲ್ಲಿ ಅರ್ಧ ಬಲಸುತ್ತು, ಅರ್ಧ ಎಡಸುತ್ತು. ಮೂರು ಆಯಾಮಕ್ಕೆ ಇದನ್ನೇ ಹಿಗ್ಗಿಸಿ ತಂತುಗಳನ್ನು ಎಳೆಎಳೆಯಾಗಿ ಹಿಂಬಾಲಿಸಿದಾಗ, ಒಟ್ಟು ಉದ್ದದ ಸುಮಾರು ಶೇಕಡಾ 80 ಭಾಗ ಕೊನೆಯಿಲ್ಲದ ತಂತುಗಳಲ್ಲೇ ಇರುವುದು ಕಂಡುಬಂತು. ಕುಣಿಕೆಗಳ ಪಾಲು ಉಳಿದಷ್ಟೇ. ನನ್ನನ್ನು ಈ ವಿಷಯಕ್ಕೆ ಎಳೆದದ್ದು ಆ ಒಂದು ಸಂಖ್ಯೆ.

ನೇರಮಾತು

ಎಲ್ಲರ ಉತ್ಸಾಹ ಚೆನ್ನಾಗಿದೆ, ಆದರೆ ಒಂದು ಮಾತು ಕೇಳುತ್ತೇನೆ. ಈ ತಂತುಗಳನ್ನು ಯಾರಾದರೂ ಕಂಡಿದ್ದಾರೆಯೇ? ಗ್ಯಾಲಕ್ಸಿಗಳ ಬೀಜವೇ ಇವು ಎಂದು ಎಂಬತ್ತರ ದಶಕದಲ್ಲಿ ಹೇಳುತ್ತಿದ್ದರು. 2000ದ ಹೊತ್ತಿಗೆ ಬೂಮರಾಂಗ್ ಮತ್ತು ಮ್ಯಾಕ್ಸಿಮಾ ಬಲೂನುಗಳು ಮಹಾಸ್ಫೋಟದಿಂದ ಉಳಿದ ಹಿನ್ನೆಲೆ ವಿಕಿರಣದ ಏರಿಳಿತವನ್ನು ಅಳೆದವು, ಚೂಪಾದ ಶಿಖರ ಕಂಡಿತು. ತಂತುಗಳು ಬೀಜವಾಗಿದ್ದರೆ ಅಲ್ಲಿ ಮೊಂಡು ಗುಡ್ಡವೊಂದು ಕಾಣಬೇಕಿತ್ತು. ಅಲ್ಲಿಗೆ ಕಥೆ ಮುಗಿಯಿತು. 2003ರಲ್ಲಿ ಒಂದೇ ಗ್ಯಾಲಕ್ಸಿ ಎರಡಾಗಿ ಕಾಣುತ್ತಿದೆ, ನಡುವೆ ತಂತು ಇದೆ ಎಂದು ಸಿಎಸ್‌ಎಲ್-1 ಎಂಬುದನ್ನು ತೋರಿಸಿದರು. 2006ರಲ್ಲಿ ಹಬಲ್ ದೂರದರ್ಶಕ ನೋಡಿದಾಗ ಅವು ಅಕ್ಕಪಕ್ಕದ ಎರಡು ಬೇರೆ ಗ್ಯಾಲಕ್ಸಿಗಳು. ಇಲ್ಲದ ವಸ್ತುವಿಗೆ ಸೂಪರ್‌ಕಂಪ್ಯೂಟರ್ ಏಕೆ ಸವೆಸಬೇಕು? ಆ ವಿದ್ಯಾರ್ಥಿನಿ ಬೇರೆ ವಿಷಯ ಹಿಡಿದರೆ ಮುಂದೆ ಕೆಲಸವಾದರೂ ಸಿಗುತ್ತದೆ.

ಅರುಂಧತಿ

ಕೆಲಸದ ಮಾತನ್ನು ಅವರ ಮನೆಯವರು ನೋಡಿಕೊಳ್ಳುತ್ತಾರೆ ಬಿಡಿ. ಇಲ್ಲಿ ಅವರು ಕೇಳಿದ್ದು ಭೌತಶಾಸ್ತ್ರ.

ಸುಳಿಗಾಳಿ

ನೇರಮಾತು ಅವರೇ, ನೀವು ಹೇಳಿದ ಚರಿತ್ರೆ ಸರಿ. ಅದರಿಂದ ತೆಗೆದ ತೀರ್ಮಾನ ಸರಿಯಿಲ್ಲ. ಬೂಮರಾಂಗ್ ಹೇಳಿದ್ದು "ತಂತುಗಳು ಮುಖ್ಯ ಬೀಜವಲ್ಲ" ಎಂದು, "ತಂತುಗಳೇ ಇಲ್ಲ" ಎಂದಲ್ಲ. ಪ್ಲಾಂಕ್ ಉಪಗ್ರಹದ 2013ರ ದತ್ತಾಂಶದ ಪ್ರಕಾರ ಆ ಏರಿಳಿತದಲ್ಲಿ ತಂತುಗಳ ಪಾಲು ಶೇಕಡಾ 3ಕ್ಕಿಂತ ಕಡಿಮೆ. ಅಷ್ಟರೊಳಗೆ ಇರಲು ಅವಕ್ಕೆ ಇನ್ನೂ ಜಾಗವಿದೆ.

ಇನ್ನು ಮುಖ್ಯ ವಿಷಯ. ಮೊಂಡು ಗುಡ್ಡ ಕಾಣಬೇಕಿತ್ತು ಎಂದು ನಮಗೆ ಮೊದಲೇ ಗೊತ್ತಿದ್ದುದು ಹೇಗೆ? ಸಿಮ್ಯುಲೇಶನ್‌ಗಳಿಂದ. ಒಂದು ಊಹೆಯನ್ನು ತಳ್ಳಿಹಾಕಲೂ ಅದು ನಿಜವಾಗಿದ್ದರೆ ಏನು ಕಾಣುತ್ತಿತ್ತು ಎಂದು ಲೆಕ್ಕ ಹಾಕಿರಲೇಬೇಕು. ಆಲ್ಬ್ರೆಕ್ಟ್ ಮತ್ತು ಟುರೊಕ್, ಬೆನೆಟ್ ಮತ್ತು ಬುಷೆ, ಆಲೆನ್ ಮತ್ತು ಶೆಲ್ಲಾರ್ಡ್, ಈ ಮೂರು ತಂಡಗಳು ಎಂಬತ್ತರ ದಶಕದ ಉತ್ತರಾರ್ಧದಿಂದ ತೊಂಬತ್ತರ ಆರಂಭದವರೆಗೆ ಪೈಪೋಟಿಯಲ್ಲಿ ತಂತುಜಾಲದ ಲೆಕ್ಕ ಹಾಕಿದವು. ವಿಶ್ವ ಎಷ್ಟೇ ಹಿಗ್ಗಿದರೂ ಒಂದು ದಿಗಂತದೊಳಗಿನ ಉದ್ದ ತಂತುಗಳ ಸಂಖ್ಯೆ ಸ್ಥಿರವಾಗಿ ನಿಲ್ಲುತ್ತದೆ ಎಂಬುದು ಅಲ್ಲಿಂದಲೇ ಗಟ್ಟಿಯಾಯಿತು. ತಂತುಗಳು ವಿಶ್ವವನ್ನು ಕೆಡಿಸುವುದಿಲ್ಲ ಎಂಬ ಮೇಷ್ಟ್ರ ಮಾತಿಗೆ ಆಧಾರ ಅದೇ.

ನೇರಮಾತು

ಒಪ್ಪಿದೆ, ತಳ್ಳಿಹಾಕಲೂ ಲೆಕ್ಕ ಬೇಕು. ಆದರೆ ಲೆಕ್ಕವೇ ತಪ್ಪಿದ್ದರೆ ತಳ್ಳಿಹಾಕಿದ್ದೂ ತಪ್ಪಾಗುತ್ತದಲ್ಲ? ಆ ಪ್ರಾಧ್ಯಾಪಕರು ಕೇಳಿದ್ದು ಅದನ್ನೇ. ಸಮೀಕರಣ ತಿದ್ದುವುದೆಂದರೇನು, ಮೊದಲು ಅದನ್ನು ಹೇಳಿ.

ಸುಳಿಗಾಳಿ

ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಗ್ರಿಡ್ ವಿಶ್ವದೊಂದಿಗೆ ಹಿಗ್ಗುತ್ತದೆ. ತಂತುವಿನ ಅಗಲ ಹಿಗ್ಗುವುದಿಲ್ಲ, ಅದನ್ನು ನಿರ್ಧರಿಸುವುದು ಕಣದ ದ್ರವ್ಯರಾಶಿ. ಆದ್ದರಿಂದ ಗ್ರಿಡ್‌ನ ಕಣ್ಣಿಗೆ ತಂತು ದಿನೇದಿನೇ ಸಣ್ಣಗಾಗುತ್ತ ಹೋಗುತ್ತದೆ. ಒಂದು ಹಂತದಲ್ಲಿ ಎರಡು ಬಿಂದುಗಳ ನಡುವೆ ಜಾರಿಬಿಡುತ್ತದೆ. ಆಮೇಲೆ ಕಂಪ್ಯೂಟರ್ ತೋರಿಸುವುದೆಲ್ಲ ಗ್ರಿಡ್‌ನ ಆಟ.

ಬಿಂದುಜಾಲ ಅವರ 256ರ ಗ್ರಿಡ್‌ನಲ್ಲೇ ಲೆಕ್ಕ ಹಾಕೋಣ. ತಂತುವಿನ ಅಗಲಕ್ಕೆ ಕನಿಷ್ಠ 2 ಅಂತರಗಳಾದರೂ ಬೇಕು ಎನ್ನೋಣ. ಓಟ ಮುಗಿಯುವುದು ಬೆಳಕು 128 ಅಂತರ ದಾಟಿದಾಗ. ನಿಜವಾದ ಸಮೀಕರಣ ಹಿಡಿದರೆ, ಕೊನೆಯಲ್ಲಿ ಅಗಲ 2 ಉಳಿಯಬೇಕಾದರೆ ಆರಂಭದಲ್ಲಿ 16 ಇರಬೇಕು, ಓಟವೂ 16ರಲ್ಲೇ ಶುರುವಾಗಬೇಕು. 16ರಿಂದ 128ಕ್ಕೆ, ಕಾಲ 8 ಪಟ್ಟು ಬೆಳೆಯಿತು, ಅಷ್ಟೇ. ಅಗಲವನ್ನು ಗ್ರಿಡ್‌ನಲ್ಲಿ ಸ್ಥಿರವಾಗಿಟ್ಟರೆ 2ರಿಂದ 128ಕ್ಕೆ ಓಡಬಹುದು, 64 ಪಟ್ಟು. ತಂತುಜಾಲ ಹುಟ್ಟಿನ ಗುರುತನ್ನು ಮರೆತು ತನ್ನ ಸ್ಥಿರ ಲಯಕ್ಕೆ ಬರಲು ಈ ಕಾಲಾವಕಾಶ ಅತ್ಯಗತ್ಯ. 8 ಪಟ್ಟಿನಲ್ಲಿ ಅದು ಬಂದೀತು ಎಂಬ ಭರವಸೆಯಿಲ್ಲ.

ಈ ಉಪಾಯವನ್ನು 1989ರಲ್ಲಿ ಪ್ರೆಸ್, ರೈಡನ್, ಸ್ಪರ್ಗೆಲ್ ಮೂವರೂ ಡೊಮೇನ್ ಗೋಡೆಗಳಿಗಾಗಿ ಬಳಸಿದರು. ಕಣದ ದ್ರವ್ಯರಾಶಿ ಕಾಲಕ್ಕೆ ತಕ್ಕಂತೆ ಇಳಿಯುವ ಹಾಗೆ ಸಮೀಕರಣ ಬರೆದರು. ಹೌದು, ಅಂಥ ಕಣ ಪ್ರಕೃತಿಯಲ್ಲಿಲ್ಲ. ಆದರೆ ತಂತುವಿನ ಅಗಲಕ್ಕಿಂತ ಸಾವಿರಾರು ಪಟ್ಟು ದೂರದಲ್ಲಿ ನಡೆಯುವ ಚಲನೆಗೆ ಅಗಲ ಎಷ್ಟೆಂಬುದು ಮುಖ್ಯವಲ್ಲ ಎಂಬ ವಾದ ಅದರ ಹಿಂದೆ ಇದೆ. ವಾದವನ್ನು ಪರೀಕ್ಷಿಸಲೂ ಬಹುದು: ಒಂದೇ ಆರಂಭದಿಂದ ಎರಡೂ ಸಮೀಕರಣಗಳನ್ನು ಓಡಿಸಿ, ಎರಡಕ್ಕೂ ಸಮಾನವಾದ ಕಾಲದ ತುಂಡಿನಲ್ಲಿ ಉದ್ದಗಳು ತಾಳೆಯಾಗುತ್ತವೆಯೇ ನೋಡಿ. ಆ ಪ್ರಾಧ್ಯಾಪಕರಿಗೆ ಕೊಡಬೇಕಾದ ಉತ್ತರ ಆ ಗ್ರಾಫ್.

ಮಲಪ್ರಭಾ ಮೇಷ್ಟ್ರು

ಇದನ್ನು ಕೇಳು ತಂಗಿ, ಬರೆದಿಟ್ಟುಕೋ. ಪ್ರಶ್ನೆ ಕೇಳಿದವರ ಮೇಲೆ ಬೇಸರ ಬೇಡ. ಆದರೆ ಉತ್ತರ ಮುಗಿಯುವ ಮುನ್ನ ವಿದ್ಯಾರ್ಥಿಯ ಬಾಯಿ ಮುಚ್ಚಿಸುವುದು ನನಗೆ ಎಂದೂ ಹಿಡಿಸಿದ್ದಲ್ಲ.

ಸ್ಫಟಿಕ

ಯಾರೂ ಇಲ್ಲಿಯವರೆಗೆ ಪ್ರಯೋಗದ ಮಾತೆತ್ತಲಿಲ್ಲ. ವಿಶ್ವವನ್ನು ಮತ್ತೆ ತಣಿಸಲು ಆಗುವುದಿಲ್ಲ, ಆದರೆ ಇದೇ ಗಣಿತ ಪಾಲಿಸುವ ವಸ್ತುಗಳು ಪ್ರಯೋಗಾಲಯದಲ್ಲಿವೆ. ಟಿವಿ ಪರದೆಯ ದ್ರವ ಸ್ಫಟಿಕವೇ ಸಾಕು. 5ಸಿಬಿ ಎಂಬ ದ್ರವ ಸ್ಫಟಿಕ ಸುಮಾರು 35 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಿದ್ದಾಗ ಸಾಮಾನ್ಯ ದ್ರವ. ಅದಕ್ಕಿಂತ ತಣ್ಣಗಾದರೆ ಅದರ ಕಡ್ಡಿಯಂಥ ಅಣುಗಳು ಒಂದೇ ದಿಕ್ಕಿಗೆ ಮುಖಮಾಡುತ್ತವೆ. ಎಲ್ಲೆಡೆ ಒಂದೇ ದಿಕ್ಕಲ್ಲ, ಅಲ್ಲಲ್ಲಿಗೆ ಅದರದರ ದಿಕ್ಕು. ಸೂಕ್ಷ್ಮದರ್ಶಕದ ಕೆಳಗೆ ಹಿಡಿದು ತಣಿಸಿದರೆ ಮೊದಲು ಗುಳ್ಳೆಗಳು ಮೂಡಿ ಬೆಳೆದು ಒಂದಕ್ಕೊಂದು ಅಂಟುತ್ತವೆ. ಅಂಟಿದ ಕಡೆ ಕಪ್ಪು ಎಳೆಗಳು ಉಳಿಯುತ್ತವೆ. ಎಳೆಗಳು ತಾಗಿ, ತುಂಡಾಗಿ, ಕುಣಿಕೆಯಾಗಿ, ಕುಗ್ಗುವುದನ್ನು ಬರಿಗಣ್ಣಿನ ವೇಗದಲ್ಲಿ ನೋಡಬಹುದು. ಚುವಾಂಗ್, ಡುರರ್, ಟುರೊಕ್, ಯುರ್ಕಿ 1991ರಲ್ಲಿ ಇದನ್ನು ಮಾಡಿದರು. 1994ರಲ್ಲಿ ಬೋವಿಕ್ ತಂಡ ಗುಳ್ಳೆಗೆ ಎಷ್ಟು ಎಳೆ ಎಂದು ಎಣಿಸಿ ಲೆಕ್ಕದೊಡನೆ ಹೋಲಿಸಿತು. ಆ ತಂಡದ ಅಜಿತ್ ಮೋಹನ್ ಶ್ರೀವಾಸ್ತವ ಆಮೇಲೆ ಭುವನೇಶ್ವರದ ಭೌತವಿಜ್ಞಾನ ಸಂಸ್ಥೆಯಲ್ಲಿ ಕೆಲಸ ಮಾಡಿದವರು.

ಇದರಲ್ಲಿ ನಮ್ಮ ಊರಿನ ಪಾಲೂ ಇದೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್ ದ್ರವ ಸ್ಫಟಿಕಗಳ ದೊಡ್ಡ ಪರಂಪರೆಯನ್ನೇ ಕಟ್ಟಿದರು. ಅದಕ್ಕೂ ಮೊದಲು ಅವರು ಮೈಸೂರು ವಿಶ್ವವಿದ್ಯಾಲಯದಲ್ಲಿದ್ದರು. ತಟ್ಟೆಯಾಕಾರದ ಅಣುಗಳ ದ್ರವ ಸ್ಫಟಿಕ 1977ರಲ್ಲಿ ಸಿಕ್ಕಿದ್ದು ಇಲ್ಲಿಯೇ. ದ್ರವ ಸ್ಫಟಿಕಗಳಲ್ಲಿನ ಈ ದೋಷಗೆರೆಗಳ ರಚನೆ ಮತ್ತು ಶಕ್ತಿಯ ಬಗ್ಗೆ ಅವರೂ ಜಿ.ಎಸ್. ರಂಗನಾಥ್ ಅವರೂ ಸೇರಿ 1986ರಲ್ಲಿ ಬರೆದ ದೀರ್ಘ ಸಮೀಕ್ಷೆಯನ್ನು ಬಿಂದುಜಾಲ ಅವರು ಖಂಡಿತ ಓದಬೇಕು.

ಹೊಸ ಓದುಗ

ನೊಬೆಲ್ ಪಡೆದ ಚಂದ್ರಶೇಖರ್ ಅವರೇನಾ?

ಸ್ಫಟಿಕ

ಅಲ್ಲ, ಅವರು ಸುಬ್ರಹ್ಮಣ್ಯನ್ ಚಂದ್ರಶೇಖರ್. ಇವರು ಶಿವರಾಮಕೃಷ್ಣ ಚಂದ್ರಶೇಖರ್, ಸಿ.ವಿ. ರಾಮನ್ ಅವರ ಸೋದರಳಿಯ.

ಮಲಪ್ರಭಾ ಮೇಷ್ಟ್ರು

ದಕ್ಷಿಣ ಭಾರತದ ನಂಟಿನ ಮಾತು ಬಂದದ್ದರಿಂದ ಇನ್ನೊಂದು. ಈ ಇಡೀ ವಿಚಾರಕ್ಕೆ ಬುನಾದಿ ಹಾಕಿದ ಟಾಮ್ ಕಿಬಲ್ ಹುಟ್ಟಿದ್ದು ಮದ್ರಾಸಿನಲ್ಲಿ, 1932ರಲ್ಲಿ. ತಂದೆ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಪ್ರಾಧ್ಯಾಪಕರು. ಕಿಬಲ್ 1976ರಲ್ಲಿ ಬರೆದ ಲೇಖನದಿಂದಲೇ ವಿಶ್ವತಂತು ಎಂಬ ಕಲ್ಪನೆ ಹೊರಟಿತು. ಆ ಲೇಖನವನ್ನು ಮೂಲದಲ್ಲೇ ಓದಬೇಕು. ಅಬ್ಬರವಿಲ್ಲದ ಬರವಣಿಗೆ, ಎಷ್ಟು ಗೊತ್ತೋ ಅಷ್ಟನ್ನೇ ಹೇಳುತ್ತದೆ.

ನೇರಮಾತು

ದ್ರವ ಸ್ಫಟಿಕಕ್ಕೂ ವಿಶ್ವಕ್ಕೂ ಎಷ್ಟು ಅಂತರ! ಅಲ್ಲಿ ಎಳೆಗಳು ಅಂಟಿನ ದ್ರವದಲ್ಲಿ ತೆವಳುತ್ತವೆ, ಇಲ್ಲಿ ತಂತುಗಳು ಬೆಳಕಿನ ವೇಗದ ಹತ್ತಿರ ಚಾಟಿಯಾಡುತ್ತವೆ. ಹುಟ್ಟುವುದು ಒಂದೇ ರೀತಿ ಇರಬಹುದು, ಬದುಕುವುದು ಒಂದೇ ರೀತಿ ಅಲ್ಲ.

ಸ್ಫಟಿಕ

ಪೂರ್ತಿ ಒಪ್ಪುತ್ತೇನೆ. ಪ್ರಯೋಗ ಸಾಕ್ಷಿ ಹೇಳುವುದು ಹುಟ್ಟಿಗೆ ಮಾತ್ರ. ಅದೂ ಸುಲಭವಾಗಿ ದಕ್ಕಿದ್ದಲ್ಲ. ದ್ರವ ಹೀಲಿಯಂನಲ್ಲಿ ಇದನ್ನು ಪರೀಕ್ಷಿಸಬಹುದು ಎಂದು ಜುರೆಕ್ 1985ರಲ್ಲಿ ಸೂಚಿಸಿದರು. ಎಷ್ಟು ಬೇಗ ತಣಿಸುತ್ತೇವೋ ಅಷ್ಟು ಹೆಚ್ಚು ದೋಷಗಳು ಎಂಬ ನಿಯಮ ಅವರದು. 1994ರಲ್ಲಿ ಲ್ಯಾಂಕಾಸ್ಟರ್‌ನಲ್ಲಿ ಹೀಲಿಯಂ-4ರಲ್ಲಿ ತಂತುವಿನಂಥ ಸುಳಿಗಳು ಕಂಡವು ಎಂದರು. 1998ರಲ್ಲಿ ಅದೇ ಗುಂಪು ಉಪಕರಣವನ್ನು ಸುಧಾರಿಸಿ ಮತ್ತೆ ನೋಡಿದಾಗ ಕಾಣಲಿಲ್ಲ. ಅದನ್ನೂ ಪ್ರಕಟಿಸಿದರು. ಅವರ ಮೇಲೆ ನನಗೆ ಗೌರವ ಹೆಚ್ಚಿದ್ದು ಆಗಲೇ. ಈ ನಡುವೆ 1996ರಲ್ಲಿ ಗ್ರೆನೋಬಲ್ ಮತ್ತು ಹೆಲ್ಸಿಂಕಿಯ ತಂಡಗಳು ಹೀಲಿಯಂ-3ಕ್ಕೆ ನ್ಯೂಟ್ರಾನ್ ಹೊಡೆದು, ಬಿಸಿಯಾದ ಪುಟ್ಟ ಜಾಗ ತಟ್ಟನೆ ತಣಿಯುವಾಗ ಸುಳಿಗಳು ಹುಟ್ಟುವುದನ್ನು ತೋರಿಸಿದ್ದವು.

ಅರುಂಧತಿ

ಹುಟ್ಟು ಆಯಿತು, ಇನ್ನು ಸಾವಿನ ವಿಷಯಕ್ಕೆ ಬನ್ನಿ. ನನ್ನ ಪ್ರಕಾರ ಇಡೀ ಕ್ಷೇತ್ರದ ಜಗಳ ಇರುವುದು ಅಲ್ಲಿ. ಕುಣಿಕೆ ಹೇಗೆ ಸಾಯುತ್ತದೆ?

ಒಂದು ಪಕ್ಷ ತಂತುವಿಗೆ ಅಗಲವೇ ಇಲ್ಲವೆಂದು ಹಿಡಿದು ಬರಿಯ ಗೆರೆಯಾಗಿ ಓಡಿಸುತ್ತದೆ. ನಂಬು-ಗೋಟೊ ವಿಧಾನ ಎನ್ನುತ್ತಾರೆ. ಅಲ್ಲಿ ದೊಡ್ಡ ಕುಣಿಕೆಗಳು ಬಹುಕಾಲ ಬದುಕುತ್ತವೆ, ಕಂಪಿಸುತ್ತ ಗುರುತ್ವ ಅಲೆಗಳನ್ನು ಹೊಮ್ಮಿಸಿ ನಿಧಾನವಾಗಿ ಕರಗುತ್ತವೆ. ಬ್ಲಾಂಕೊ-ಪಿಲ್ಲಾಡೊ, ಓಲಮ್ ಮೊದಲಾದವರ ಲೆಕ್ಕಗಳು ಈ ಬಗೆಯವು. ಇನ್ನೊಂದು ಪಕ್ಷ, ಹಿಂಡ್‌ಮಾರ್ಷ್ ಮತ್ತು ಸಂಗಡಿಗರು, ಬಿಂದುಜಾಲ ಅವರಂತೆ ಇಡೀ ಕ್ಷೇತ್ರವನ್ನೇ ಗ್ರಿಡ್ ಮೇಲೆ ಓಡಿಸುತ್ತದೆ. ಅವರ ಪೆಟ್ಟಿಗೆಯಲ್ಲಿ ಕುಣಿಕೆಗಳು ಬೇಗ ಕುಸಿದು ಶಕ್ತಿಯನ್ನೆಲ್ಲ ಕಣಗಳಾಗಿ ಉಗುಳುತ್ತವೆ. ಗುರುತ್ವ ಅಲೆಗೆ ಉಳಿಯುವುದು ಅತ್ಯಲ್ಪ.

ಈ ಜಗಳ ಪಲ್ಸರ್‌ಗಳ, ಅಂದರೆ ಗಡಿಯಾರದಂತೆ ಮಿಡಿಯುವ ನಕ್ಷತ್ರಗಳ, ದತ್ತಾಂಶವನ್ನು ಓದುವ ರೀತಿಯನ್ನೇ ಬದಲಿಸುತ್ತದೆ. 2023ರ ಜೂನ್‌ನಲ್ಲಿ ಅಮೆರಿಕದ ನ್ಯಾನೊಗ್ರಾವ್, ಯುರೋಪಿನ ತಂಡ, ಆಸ್ಟ್ರೇಲಿಯಾ, ಚೀನಾ ತಂಡಗಳು ಕಡಿಮೆ ಆವರ್ತನದ ಗುರುತ್ವ ಅಲೆಗಳ ಸುಳಿವು ಪ್ರಕಟಿಸಿದವು. ಯುರೋಪಿನ ವಿಶ್ಲೇಷಣೆಯಲ್ಲಿ ನಮ್ಮ ಭಾರತೀಯ ಪಲ್ಸರ್ ತಂಡವೂ ಇತ್ತು. ಪುಣೆ ಜಿಲ್ಲೆಯ ಖೋಡದ್‌ನಲ್ಲಿರುವ ರೇಡಿಯೊ ದೂರದರ್ಶಕ ಜಿಎಂಆರ್‌ಟಿಯ 30 ಬಟ್ಟಲುಗಳ ದತ್ತಾಂಶ ಅದು. ಮೊದಲ ಪಕ್ಷದ ಲೆಕ್ಕ ಹಿಡಿದರೆ ಇಂಥ ಅಳತೆಗಳು ತಂತುವಿನ ಬಿಗಿತವನ್ನು ಸುಮಾರು ಸಾವಿರ ಕೋಟಿಯಲ್ಲಿ ಒಂದು ಭಾಗಕ್ಕೆ ಕಟ್ಟಿಹಾಕುತ್ತವೆ. ಎರಡನೆಯ ಪಕ್ಷದ ಲೆಕ್ಕ ಹಿಡಿದರೆ ಆ ಕಟ್ಟು ಸಡಿಲ. ಆಗ ಉಳಿಯುವುದು ಪ್ಲಾಂಕ್ ಹಾಕಿದ ಮಿತಿ: ಗೆರೆಯ ಲೆಕ್ಕಕ್ಕೆ ಕೋಟಿಯಲ್ಲಿ ಒಂದೂವರೆ ಭಾಗ, ಕ್ಷೇತ್ರದ ಲೆಕ್ಕಕ್ಕೆ ಮೂರು ಚಿಲ್ಲರೆ ಭಾಗ. ಆಕಾಶ ಒಂದೇ, ದೂರದರ್ಶಕವೂ ಒಂದೇ, ಯಾವ ಸಿಮ್ಯುಲೇಶನ್ ನಂಬುತ್ತೀರಿ ಎಂಬುದರ ಮೇಲೆ ಉತ್ತರ ಸಾವಿರಾರು ಪಟ್ಟು ಬೇರೆ!

ಹೊಸ ಓದುಗ

ಕೋಟಿಯಲ್ಲಿ ಒಂದು ಭಾಗ ಎಂದರೆ ಯಾವುದರ ಭಾಗ?

ಅರುಂಧತಿ

ತಂತುವಿನ ಪ್ರತಿ ಮೀಟರಿನ ತೂಕವನ್ನು ಗುರುತ್ವದ ಸಹಜ ಮಾನಕ್ಕೆ ಹೋಲಿಸಿದ ಅನುಪಾತ ಅದು. ಅದು ಕೋಟಿಯಲ್ಲಿ ಒಂದು ಭಾಗವಾಗಿದ್ದರೆ, ಸುಮಾರು 44 ಕಿಲೋಮೀಟರ್ ತಂತು ಇಡೀ ಭೂಮಿಯಷ್ಟು ತೂಗುತ್ತದೆ. ಅಗಲ ಮಾತ್ರ ಪ್ರೋಟಾನಿಗಿಂತ ಕೋಟಿಕೋಟಿ ಪಟ್ಟಿಗೂ ಮೀರಿ ಸಣ್ಣದು.

ನೇರಮಾತು

ಹಾಗಾದರೆ ನ್ಯಾನೊಗ್ರಾವ್ ಕಂಡದ್ದು ತಂತುಗಳೇ ಎಂದು ಪತ್ರಿಕೆಗಳಲ್ಲಿ ಬಂದದ್ದು?

ಅರುಂಧತಿ

ಆ ತಲೆಬರಹಗಳು ಆತುರದವು. ಸಾಮಾನ್ಯ ವಿಶ್ವತಂತುಗಳ ಗ್ರಾಫ್ ಆ ದತ್ತಾಂಶಕ್ಕೆ ಅಷ್ಟಾಗಿ ಕೂಡುವುದಿಲ್ಲ. ಸ್ಟ್ರಿಂಗ್ ಸಿದ್ಧಾಂತದಿಂದ ಬರುವ ಸೂಪರ್‌ಸ್ಟ್ರಿಂಗ್ ಬಗೆಯ ತಂತುಗಳು ಕೂಡುತ್ತವೆ. ಆದರೆ ಭಾರಿ ಕಪ್ಪುಕುಳಿಗಳ ಜೋಡಿಗಳೇ ಇನ್ನೂ ಸಹಜವಾದ ವಿವರಣೆ.

ಸುಳಿಗಾಳಿ

ಅರುಂಧತಿ ಅವರ ವಿವರಣೆ ಸರಿಯಾಗಿದೆ, ಸ್ವಲ್ಪ ಸೇರಿಸುತ್ತೇನೆ. 2019ರಲ್ಲಿ ವಾಚಸ್ಪತಿ ಅವರ ಗುಂಪು ಕ್ಷೇತ್ರದ ಸಮೀಕರಣದಲ್ಲೇ ಬಿಡಿ ಕುಣಿಕೆಗಳನ್ನು ಕಟ್ಟಿ ಓಡಿಸಿತು. ಕುಣಿಕೆಯ ಆಯುಷ್ಯ ಅದರ ಉದ್ದದ ವರ್ಗಕ್ಕೆ ಅನುಪಾತ ಎಂದು ಕಂಡುಬಂತು. ಹಾಗಿದ್ದರೆ ಬಹಳ ದೊಡ್ಡ ಕುಣಿಕೆಗಳು ಕಣ ಉಗುಳಿ ಸಾಯುವ ಮೊದಲೇ ಗುರುತ್ವ ಅಲೆಗಳಲ್ಲಿ ಕರಗುತ್ತವೆ, ಅಂದರೆ ಮೊದಲ ಪಕ್ಷಕ್ಕೆ ಗೆಲುವು. ಆದರೆ 2021ರಲ್ಲಿ ಹಿಂಡ್‌ಮಾರ್ಷ್ ತಂಡ, ಕೈಯಿಂದ ಕಟ್ಟಿದ ಕುಣಿಕೆ ಬಾಳುತ್ತದೆ ನಿಜ, ಜಾಲದಿಂದ ತಾನಾಗಿ ತುಂಡಾಗಿ ಬಂದ ಕುಣಿಕೆ ಬೇಗ ಸಾಯುತ್ತದೆ ಎಂದು ತೋರಿಸಿತು. ಜಾಲದಿಂದ ಬಂದದ್ದು ಏಕೆ ಬಾಳುವುದಿಲ್ಲ ಎಂಬುದು ಇನ್ನೂ ಬಿಡಿಸಬೇಕಾದ ಗಂಟು. ಸ್ಪಷ್ಟವಾಗಿ ಹೇಳುತ್ತೇನೆ, ನನ್ನ ಒಲವು ಮೊದಲ ಪಕ್ಷದ ಕಡೆಗಿದೆ. ತಂತುವಿನ ಅಗಲಕ್ಕೂ ಕುಣಿಕೆಯ ಉದ್ದಕ್ಕೂ ನಿಜವಾದ ವಿಶ್ವದಲ್ಲಿರುವ ಅಂತರ ಯಾವ ಗ್ರಿಡ್‌ಗೂ ಹಿಡಿಸದು. ಗ್ರಿಡ್‌ನಲ್ಲಿ ಎಲ್ಲ ಕುಣಿಕೆಗಳೂ ದಪ್ಪ ಕುಣಿಕೆಗಳೇ.

ಅರುಂಧತಿ

ನನ್ನ ಒಲವು ಇನ್ನೊಂದು ಕಡೆಗೆ. ಗೆರೆ ಎಂದು ಹಿಡಿದವರು ಕಣಗಳು ಹೊಮ್ಮುವ ಬಾಗಿಲನ್ನೇ ಮೊದಲು ಮುಚ್ಚಿದ್ದಾರೆ. ಬಾಗಿಲು ಮುಚ್ಚಿ ಕೂತು ಯಾರೂ ಹೊರಗೆ ಹೋಗಲಿಲ್ಲ ಎಂದರೆ ಒಪ್ಪುವುದು ಹೇಗೆ?

ಸುಳಿಗಾಳಿ

ಆ ಬಾಗಿಲು ದಪ್ಪ ತಂತುವಿಗೆ ಮಾತ್ರ ದೊಡ್ಡದು ಎಂಬುದೇ ನನ್ನ ವಾದ. ಇದನ್ನು ಇಬ್ಬರೂ ಇಲ್ಲಿ ತೀರ್ಮಾನಿಸಲಾರೆವು. ಆಕ್ಸಿಯಾನ್ ಎಂಬ, ಇನ್ನೂ ಊಹೆಯಲ್ಲೇ ಇರುವ ಹಗುರ ಕಣದ ತಂತುಗಳ ಕಡೆಗೆ ಬರೋಣ, ಬಿಂದುಜಾಲ ಅವರು ಓಡಿಸುತ್ತಿರುವುದು ನಿಜವಾಗಿ ಅದನ್ನೇ. ಅವರ ಕ್ಷೇತ್ರಕ್ಕೆ ಗೇಜ್ ಕ್ಷೇತ್ರದ, ಅಂದರೆ ವಿದ್ಯುತ್ಕಾಂತ ಕ್ಷೇತ್ರದಂಥದ್ದರ, ಜೊತೆಯಿಲ್ಲ. ಅಂಥ ತಂತುವಿನ ಶಕ್ತಿ ಸುತ್ತಲೂ ಹರಡಿರುತ್ತದೆ, ದಿಗಂತ ಮತ್ತು ಅಗಲದ ಅನುಪಾತದ ಲಾಗರಿದಂನೊಂದಿಗೆ ಬೆಳೆಯುತ್ತದೆ. "ದೂರದ ಚಲನೆಗೆ ಅಗಲ ಮುಖ್ಯವಲ್ಲ" ಎಂದು ಮೇಲೆ ಬರೆದೆನಲ್ಲ, ಆ ವಾದ ಈ ತಂತುಗಳಲ್ಲಿ ಪೂರ್ತಿ ನಿಲ್ಲುವುದಿಲ್ಲ. ವರದಿಯಲ್ಲಿ ಇದನ್ನು ಬರೆಯಲೇಬೇಕು.

256ರ ಗ್ರಿಡ್‌ನಲ್ಲಿ ಆ ಅನುಪಾತ ಕೊನೆಗೆ 64, ಲಾಗರಿದಂ ಸುಮಾರು 4. ಜಗತ್ತಿನ ದೊಡ್ಡ ಸಿಮ್ಯುಲೇಶನ್‌ಗಳಲ್ಲಿ 8, 9ರ ಆಸುಪಾಸು. ಆಕ್ಸಿಯಾನ್ ಕಪ್ಪು ದ್ರವ್ಯವಾಗಿದ್ದರೆ ನಿಜವಾದ ವಿಶ್ವದಲ್ಲಿ ಅದು ಸುಮಾರು 70. ಲಾಗರಿದಂ 70 ಎಂದರೆ ಅನುಪಾತ 1ರ ಮುಂದೆ 30 ಸೊನ್ನೆಗಳು! 9ರವರೆಗೆ ಕಂಡದ್ದನ್ನು 70ರವರೆಗೆ ಎಳೆಯಬೇಕು. ಹೇಗೆ ಎಳೆಯುತ್ತೀರಿ ಎಂಬುದರ ಮೇಲೆ ಆಕ್ಸಿಯಾನಿನ ದ್ರವ್ಯರಾಶಿ ನಿಂತಿದೆ. ಗೊರ್ಗೆಟ್ಟೊ, ಹಾರ್ಡಿ, ವಿಲ್ಲಡೊರೊ 2021ರಲ್ಲಿ ಅದು ಸುಮಾರು 500 ಮೈಕ್ರೋ ಎಲೆಕ್ಟ್ರಾನ್ ವೋಲ್ಟ್‌ಗಿಂತ ಹೆಚ್ಚು ಎಂದರು. ಬುಷ್‌ಮನ್ ಮತ್ತು ಸಂಗಡಿಗರು 2022ರಲ್ಲಿ, ತಂತು ಇರುವ ಕಡೆ ಮಾತ್ರ ಗ್ರಿಡ್ ತಾನಾಗಿ ಸೂಕ್ಷ್ಮವಾಗುವ ವಿಧಾನ ಬಳಸಿ, 40ರಿಂದ 180ರ ನಡುವೆ ಎಂದರು. ಪ್ರಯೋಗಾಲಯದಲ್ಲಿ ಆಕ್ಸಿಯಾನ್ ಹುಡುಕುವವರು ತಮ್ಮ ರೇಡಿಯೊವನ್ನು ಯಾವ ಆವರ್ತನಕ್ಕೆ ತಿರುಗಿಸಬೇಕು ಎಂಬುದು ಇದರಿಂದಲೇ ತೀರ್ಮಾನವಾಗಬೇಕು.

ನೇರಮಾತು

ಇದು ನನಗೆ ಹೊಸದು. ಪ್ರಯೋಗದವರು ಈ ಲೆಕ್ಕಕ್ಕೆ ಕಾದಿದ್ದಾರೆ ಎಂದರೆ ಸೂಪರ್‌ಕಂಪ್ಯೂಟರ್ ಸವೆಸುವುದು ವ್ಯರ್ಥ ಎನ್ನಲಾರೆ. ಆದರೆ 9ರಿಂದ 70ಕ್ಕೆ ಜಿಗಿಯುವುದನ್ನು ಎಂಜಿನಿಯರ್ ಆಗಿ ನಾನು ಸಹಿ ಹಾಕಿ ಒಪ್ಪಲಾರೆ.

ಕೋರ್‌ಡಂಪ್

ದೊಡ್ಡ ಗ್ರಿಡ್‌ಗೆ ಹೋಗಿ ಎನ್ನುವುದೂ ಸುಲಭವಲ್ಲ. ಕ್ಷೇತ್ರಕ್ಕೆ ಎರಡು ಸಂಖ್ಯೆ, ಅದರ ವೇಗಕ್ಕೆ ಎರಡು, ಒಂದೊಂದಕ್ಕೆ 8 ಬೈಟ್. ಬಿಂದುವಿಗೆ 32 ಬೈಟ್. 256ರ ಗ್ರಿಡ್‌ಗೆ ಸುಮಾರು 0.5 ಜಿಬಿ, ಲ್ಯಾಪ್‌ಟಾಪ್ ಸಾಕು. 1024ಕ್ಕೆ 34 ಜಿಬಿ. 4096ಕ್ಕೆ 2.2 ಟಿಬಿ. ಬದಿ ಎರಡು ಪಟ್ಟಾದರೆ ಸ್ಮರಣೆ 8 ಪಟ್ಟು, ಓಟದ ಹೆಜ್ಜೆಗಳೂ ಇಮ್ಮಡಿಯಾಗುವುದರಿಂದ ಕೆಲಸ 16 ಪಟ್ಟು. ಇಷ್ಟೆಲ್ಲ ಮಾಡಿದರೂ ಲಾಗರಿದಂ ಏರುವುದು 0.7 ಮಾತ್ರ.

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಿಂದ ಪರಮ್ ಪ್ರವೇಗ ಎಂಬ ಸೂಪರ್‌ಕಂಪ್ಯೂಟರ್ ಇದೆ, 3.3 ಪೆಟಾಫ್ಲಾಪ್. ಅಲ್ಲಿ 1024 ಆರಾಮವಾಗಿ ಓಡುತ್ತದೆ. ಎಂ.ಎಸ್ಸಿ. ಪ್ರಾಜೆಕ್ಟಿಗೆ ಅದರ ಅಗತ್ಯವಿಲ್ಲ. ಸ್ವಂತ ಕೋಡ್ ತಾಳೆ ನೋಡಬೇಕೆಂದರೆ ಕಾಸ್ಮೊಲ್ಯಾಟಿಸ್ ಎಂಬ ಮುಕ್ತ ತಂತ್ರಾಂಶವಿದೆ, ಗೇಜ್ ಕ್ಷೇತ್ರಗಳನ್ನೂ ಓಡಿಸುತ್ತದೆ.

ಬಿಂದುಜಾಲ

ಎಲ್ಲರಿಗೂ ತುಂಬು ಹೃದಯದ ಧನ್ಯವಾದ. ಸುಳಿಗಾಳಿ ಅವರು ಹೇಳಿದಂತೆ ಅರ್ಧ ಪೆಟ್ಟಿಗೆಯಲ್ಲಿ ಗೆರೆ ಎಳೆದು ನೋಡಿದೆ. ಗೆರೆಯ ಎಡಕ್ಕೆ ತಂತುಗಳ ಸಾಂದ್ರತೆ ನಿಧಾನವಾಗಿ ಒಂದು ಮಟ್ಟಕ್ಕೆ ಬರುತ್ತಿದೆ, ಬಲಕ್ಕೆ ಬಿದ್ದುಹೋಗುತ್ತದೆ. ಆದರೆ ಆರಂಭದಲ್ಲಿ ಇನ್ನೊಂದು ಗೊಂದಲವಿದೆ: ಮೊದಲ ಕೆಲವು ಹೆಜ್ಜೆಗಳಲ್ಲಿ ಕ್ಷೇತ್ರ ವಿಪರೀತ ಕುದಿಯುತ್ತದೆ, ತಂತುಗಳ ಎಣಿಕೆ ಏರುಪೇರಾಗುತ್ತದೆ.

ಕೋರ್‌ಡಂಪ್

ಪಕ್ಕಪಕ್ಕದ ಬಿಂದುಗಳಿಗೆ ಸಂಬಂಧವಿಲ್ಲದ ಕೋನ ಕೊಟ್ಟರೆ ಕ್ಷೇತ್ರದಲ್ಲಿ ಅಪಾರ ಶಕ್ತಿ ತುಂಬಿದಂತಾಗುತ್ತದೆ. ತಂತುವಿನ ಅಗಲ 2 ಅಂತರ, ನಿಮ್ಮ ಏರಿಳಿತ 1 ಅಂತರ. ಮೊದಲು ಸ್ವಲ್ಪ ಹೊತ್ತು ಸಮೀಕರಣದಲ್ಲಿನ ಘರ್ಷಣೆಯ ಪದವನ್ನು ಹೆಚ್ಚಿಸಿ ಕ್ಷೇತ್ರ ತಣ್ಣಗಾಗಲು ಬಿಡಿ, ಆಮೇಲೆ ನಿಜವಾದ ವಿಸ್ತರಣೆಗೆ ಬದಲಾಯಿಸಿ. ಇನ್ನೊಂದು, ಉದ್ದವನ್ನು ಹೇಗೆ ಅಳೆಯುತ್ತಿದ್ದೀರಿ?

ಬಿಂದುಜಾಲ

ತಂತು ತೂರಿದ ಚೌಕಗಳನ್ನು ಎಣಿಸಿ ಗ್ರಿಡ್ ಅಂತರದಿಂದ ಗುಣಿಸುತ್ತೇನೆ.

ಸುಳಿಗಾಳಿ

ಅದನ್ನು 2/3ರಿಂದ ಗುಣಿಸಿ. ಓರೆಯಾಗಿ ಹೋಗುವ ತಂತುವನ್ನು ಗ್ರಿಡ್ ಮೆಟ್ಟಿಲುಮೆಟ್ಟಿಲಾಗಿ ನೋಡುತ್ತದೆ. ಎಲ್ಲ ದಿಕ್ಕುಗಳ ಸರಾಸರಿ ತೆಗೆದರೆ ಉದ್ದ ಒಂದೂವರೆ ಪಟ್ಟು ಹೆಚ್ಚು ಬರುತ್ತದೆ. ಇದನ್ನು ಬಿಟ್ಟರೆ ಪ್ರಕಟವಾದ ಯಾವ ಸಂಖ್ಯೆಯ ಜೊತೆಗೂ ನಿಮ್ಮದು ತಾಳೆಯಾಗದು. ಘರ್ಷಣೆಯನ್ನು ಬೇರೆಬೇರೆ ಹೊತ್ತಿಗೆ ನಿಲ್ಲಿಸಿ ಎರಡು ಮೂರು ಬಗೆಯ ಆರಂಭಗಳನ್ನು ಮಾಡಿ, ಕೆಲವು ದಟ್ಟ, ಕೆಲವು ವಿರಳ. ಗೆರೆ ಬರುವ ಹೊತ್ತಿಗೆ ಅವೆಲ್ಲ ಒಂದೇ ಮಟ್ಟದತ್ತ ಕೂಡಿಕೊಳ್ಳುತ್ತವೆಯೇ ನೋಡಿ. ಕೂಡಿಕೊಳ್ಳದಿದ್ದರೆ ಅದನ್ನೂ ಹಾಗೆಯೇ ಬರೆಯಿರಿ. 256ರಲ್ಲಿ ಪೂರ್ತಿ ಕೂಡದಿರುವ ಸಾಧ್ಯತೆಯೇ ಹೆಚ್ಚು.

ಮಲಪ್ರಭಾ ಮೇಷ್ಟ್ರು

ಮತ್ತೆ ಮಂಡಿಸುವ ದಿನ ಆ ಪ್ರಾಧ್ಯಾಪಕರನ್ನು ನೀನೇ ಹೋಗಿ ಕರೆ. ಮೊದಲ ಸ್ಲೈಡಿನಲ್ಲೇ ಅವರ ಪ್ರಶ್ನೆಯನ್ನು ಹಾಕು.

ಬಿಂದುಜಾಲ

ಕರೆಯುತ್ತೇನೆ ಸರ್. ಎರಡೂ ಸಮೀಕರಣಗಳ ಓಟ ಈಗ ಶುರುಮಾಡಿದ್ದೇನೆ, ನಿಜ ಅಗಲದ್ದು ಮೊದಲು.

ಕೋರ್‌ಡಂಪ್

ಯಾದೃಚ್ಛಿಕ ಸಂಖ್ಯೆಯ ಬೀಜವನ್ನು ಕಡತದ ಹೆಸರಿನಲ್ಲೇ ಬರೆದಿಡಿ. ಎರಡೂ ಓಟ ಒಂದೇ ಬೀಜದಿಂದ ಹೊರಡಬೇಕು, ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ.